ಮುಳ್ಳಿನ ಗೀರು

ಆಗಸ್ಟ್ 14, ಗುರುವಾರ

ನನ್ನ ಮೇಲೆ ನನಗೇ ಹೇಸಿಗೆಯಾಗಿದೆ. ಇವತ್ತೂ ಪ್ರವಾಸಿಗಳ ಡೇರೆಗಳ ಮುಂದೆ ನಮ್ಮ ಕೆಂಪು ಶುಕಾ ಬಟ್ಟೆ ಹೊದ್ದು ಎಗರೆಗರಿ ಕುಣಿದೆ. ಆಮೇಲೆ ಅವರಿಗೆ ತೋಳಿನ ಗಾಯದ ಕಲೆ ತೋರಿಸಿ, ಸಿಂಹದ ಉಗುರು ಎಂದೆ. ಮಸಾಯಿ ಗಂಡಸೆಂದರೆ ಹೀಗಿರಬೇಕು ಎಂದು ಚಪ್ಪಾಳೆ ತಟ್ಟಿದರು.

ಥೂ! ಅದು ಮುಳ್ಳುಬೇಲಿ ಗೀರಿದ ಕಲೆ. ಹೋದ ವರ್ಷ ಸಿಂಹ ದೊಡ್ಡಿಗೆ ನುಗ್ಗಿದಾಗ ನಾನು ಈಟಿ ಬಿಸಾಡಿ ಬೇಲಿ ಹಾರಿದ್ದೆ. ಉರಿಯುವ ಕೊಳ್ಳಿ ಹಿಡಿದು ಅದರ ಮುಖಕ್ಕೇ ನುಗ್ಗಿ ಕರು ಬಿಡಿಸಿದವಳು ನೊಲಾರಿ ಚಿಕ್ಕಮ್ಮ. ನಾನು ಓಡಿದ ಸುದ್ದಿ ಯಾರ ಮುಂದೆಯೂ ಬಾಯಿಬಿಡದವಳೂ ಅವಳೇ.

ಇವತ್ತು ಅವಳು ಪಕ್ಕದಲ್ಲೇ ಮಣಿಸರ ಮಾರುತ್ತ ಕೂತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು.

"ಏನಂದ್ಯೋ ಮಗಾ, ಅಷ್ಟೊಂದು ಚಪ್ಪಾಳೆ ಹೊಡೆದ್ರಲ್ಲ?"

"ಸಿಂಹದ ಕತೆ ಹೇಳ್ದೆ, ಚಿಕ್ಕಮ್ಮ."

"ಅಯ್ಯೋ ಹುಚ್ಚಪ್ಪ, ನನ್ನ ಸುದ್ದಿ ಅವ್ರಿಗೆಲ್ಲ ಯಾಕೆ ಹೇಳೋಕೆ ಹೋದೆ!"

ನಾಚಿ ನಕ್ಕಳು. ನಮ್ಮಲ್ಲಿ ಹಿರಿಯರು ಹರಸುವ ಹಾಗೆ ನನ್ನ ಹಣೆಗೆ ಉಗುಳಿ, "ಚೆನ್ನಾಗಿರು" ಎಂದಳು.

ಆ ಎಂಜಲು ಹಣೆಯ ಮೇಲೆ ಒಣಗಿದೆ. ತೊಳೆಯಲು ಕೈ ಏಳುತ್ತಿಲ್ಲ. ನಾಳೆ ಬೆಳಿಗ್ಗೆ ಮತ್ತೆರಡು ಗಾಡಿ ಜನ ಬರುತ್ತಾರಂತೆ. ಮತ್ತೆ ಇದೇ ತೋಳು...