ಕುಳ್ಳ ಯೋಧ ಮತ್ತು ಹಗ್ಗದ ಸೇತುವೆ

ಜೂನ್ 3, ಶನಿವಾರ

ಬೆಳಗ್ಗೆ ಎರಡು ಲಿಫ್ಟ್ ಸರ್ವಿಸ್. ಒಂದರ ಬಾಗಿಲು ಮತ್ತೆ ಕಚ್ಚಿಕೊಂಡಿತ್ತು. ಮನೆಗೆ ಬಂದರೆ ಮಗಳ ಗುಂಪು ಊಟದ ಮೇಜು ಹಿಡಿದು ಕೂತಿದೆ. ಆಟಕ್ಕೆ ಒಬ್ಬರು ಕಡಿಮೆಯಂತೆ.

"ಅಪ್ಪಾ, ಕೂತ್ಕೋ. ಕಥೆ ನಾನು ಹೇಳ್ತೀನಿ. ನೀನೇನ್ ಮಾಡ್ತೀಯ ಅಂತ ನೀನು ಹೇಳು. ಆಗುತ್ತೋ ಇಲ್ವೋ ಅಂತ ದಾಳ ಹೇಳುತ್ತೆ."

ದಾಳಕ್ಕೆ ಇಪ್ಪತ್ತು ಮುಖ! ನಾನು ಕುಳ್ಳ ಯೋಧ, ಕೈಯಲ್ಲಿ ಕೊಡಲಿ. ಗುಹೆಯ ಬಾಗಿಲು ಬಂತು.

"ಮೊದಲು ಮೇನ್ ಆಫ್ ಮಾಡ್ತೀನಿ" ಅಂದೆ.

"ಅಪ್ಪಾ, ಅಲ್ಲಿ ಕರೆಂಟೇ ಇಲ್ಲ!"

ಎಲ್ಲರೂ ನಕ್ಕರು. ಮಗಳೂ. ಅವಳಮ್ಮ ಬೇರೆ ಮನೆ ಮಾಡಿದ ಮೇಲೆ ಇದೇ ಮೊದಲು.

ಜೂನ್ 10

ನನ್ನ ಪಾತ್ರದ ಹಾಳೆಯಲ್ಲಿ ಬುದ್ಧಿ ಏಳು. ಸಾಮಾನ್ಯರಿಗೆ ಹತ್ತಂತೆ. ಕೆಳಮನೆ ನರ್ಸ್ ಆಟದಲ್ಲಿ ನಮ್ಮ ಮಾಟಗಾತಿ. "ಬೇಜಾರ್ ಮಾಡ್ಕೋಬೇಡಿ ಅಂಕಲ್, ಶಕ್ತಿ ಹದಿನೇಳಿದೆ" ಅಂದಳು. ಸಮಾಧಾನವೋ ಸಮಾಧಾನ.

ಜೂನ್ 21

ಮಗಳಿಗೆ ಕಾಲೇಜಿನ ಸೀಟು ಸಿಕ್ಕಿತು. ಅವಳಮ್ಮನ ಮನೆಗೆ ಹತ್ತಿರ. ಅಲ್ಲೇ ಹೋಗಿಬಿಡುತ್ತಾಳಾ... ಮಾತು ನಾಲಿಗೆಯ ತುದಿಗೆ ಬಂತು. "ಇನ್ನೊಂಚೂರು ಬಡಿಸ್ಲಾ?" ಅಂತಷ್ಟೇ ಕೇಳಿದೆ.

ಜುಲೈ 1

ಹಗ್ಗದ ಸೇತುವೆ. ಮಾಟಗಾತಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದಾಟುತ್ತಿದ್ದಾಳೆ. ಇನ್ನೊಂದು ತುದಿ ನನ್ನ ಕೈಯಲ್ಲಿ. ಕೊನೆಯ ಹಲಗೆ ಮುರಿದಿದೆ, ಜಿಗಿಯಬೇಕು.

"ಬಿಗಿಯಾಗಿ ಹಿಡ್ಕೋತೀನಿ."

"ಹಿಡ್ಕೊಂಡ್ರೆ ಅವಳು ಜಿಗಿಯೋಕಾಗಲ್ಲ ಅಪ್ಪಾ. ಸಡಿಲ ಬಿಡ್ಬೇಕು."

"ಬಿದ್ರೆ?"

"ದಾಟಿದ್ರೆ?"

ಹಗ್ಗ ಸಡಿಲ ಬಿಟ್ಟೆ. ಹದಿನಾಲ್ಕು ಬಿತ್ತು. ದಾಟಿದಳು.

ಎಲ್ಲರೂ ಹೋದ ಮೇಲೆ ಲೋಟ ತೊಳೆಯುತ್ತಾ ಕೇಳಿಯೇಬಿಟ್ಟೆ. "ಅಮ್ಮನ ಮನೇಲಿ ಇರೋಣ ಅನ್ಸಿದ್ಯಾ?"

ಅವಳು ನಲ್ಲಿ ನಿಲ್ಲಿಸಿದಳು.

"ಹೂಂ. ನಿಂಗೆ ಹೇಗ್ ಹೇಳೋದು ಅಂತ..."

"ಹೇಳಿದ್ಯಲ್ಲ, ಆಯ್ತು ಬಿಡು."

"ಶನಿವಾರದ ಆಟ ಬಿಡಲ್ಲ ಅಪ್ಪಾ."

ಒರೆಸಿದ ಲೋಟವನ್ನೇ ಮತ್ತೆ ಒರೆಸಿದೆ.

ಜುಲೈ 16

ಅವಳ ಮಂಚ, ಪುಸ್ತಕ, ಫ್ಯಾನು ವ್ಯಾನಿಗೆ ಏರಿಸಿದೆ. ಒಬ್ಬನೇ ಉಂಡೆ.

ಜುಲೈ 22, ಸಂಜೆ 5

ಅವಳಮ್ಮನ ಮನೆಯ ಬಾಲ್ಕನಿಯಲ್ಲಿ ಕೂತು ಬರೆಯುತ್ತಿದ್ದೇನೆ. ಆಟಕ್ಕೆ ಹತ್ತು ನಿಮಿಷ ಬ್ರೇಕ್. ಎರಡು ವರ್ಷದಲ್ಲಿ ಈ ಮೆಟ್ಟಿಲು ಹತ್ತಿದವನಲ್ಲ. ಬಾಗಿಲು ತೆಗೆದದ್ದು ಅವಳಮ್ಮ. ಕೈಯಲ್ಲಿ ಪಾತ್ರದ ಖಾಲಿ ಹಾಳೆ.

"ಬನ್ನಿ. ಇಲ್ಲಿ ಹೆಸರು ಅಂತಿದೆ. ನಿಜದ್ದಾ, ಆಟದ್ದಾ?"

"ನಿಂಗೆ ಏನಾಗ್ಬೇಕು ಅನ್ಸುತ್ತೋ ಅದು."

ಕಳ್ಳಿಯಾದಳು. ಮೊದಲ ಸರದಿಯಲ್ಲೇ ನನ್ನ ಯೋಧನ ಜೇಬಿಗೆ ಕತ್ತರಿ ಹಾಕಿದ್ದಾಳೆ. ನಗು ಇಲ್ಲಿಯವರೆಗೂ ಕೇಳಿಸುತ್ತಿದೆ. ಮಗಳು ಕರೆಯುತ್ತಿದ್ದಾಳೆ. ಉಳಿದದ್ದು ಆಮೇ—