ಫ್ಲೆಕ್ಸ್ ಕಟ್ಟಿದವರು ನಾವು, ಹೊರಬಿದ್ದವಳು ತಸ್ಲೀಮ್

ಮಾನ್ಯ ಶಿಬಿರಾಧಿಕಾರಿಗಳೇ,

ಜೂನಿಯರ್ ಮಹಿಳಾ ಫುಟ್‌ಬಾಲ್ ತರಬೇತಿ ಶಿಬಿರದಿಂದ ನಮ್ಮ ಹರಿಹರದ ಗೋಲ್‌ಕೀಪರ್ ತಸ್ಲೀಮಳನ್ನು ತಾವು ಮನೆಗೆ ಕಳಿಸಿದ್ದೀರಿ. ಕಾರಣ ‘ಶಿಸ್ತು ಉಲ್ಲಂಘನೆ’ ಎಂದಿದ್ದೀರಿ. ಉಲ್ಲಂಘಿಸಿದವರು ನಾವು, ಅವಳ ಅಭಿಮಾನಿಗಳು. ಶಿಕ್ಷೆ ಮಾತ್ರ ಅವಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ತಾವು ಸರ್ಕಾರಿ ಸುತ್ತೋಲೆ ಎಂದುಕೊಂಡಿರಾ? ಭಾನುವಾರದ ಆಯ್ಕೆ ಪಂದ್ಯ ತಪ್ಪಿದರೆ, ಮುಂದಿನ ಸಲದ ಹೊತ್ತಿಗೆ ಅವಳ ಜೂನಿಯರ್ ವಯಸ್ಸು ಮುಗಿದಿರುತ್ತದೆ. ಜೂನಿಯರ್ ತಂಡಕ್ಕೆ ಸೇರಲು ಅವಳಿಗೆ ಇನ್ನೊಂದು ವರ್ಷವಿಲ್ಲ.

ನಾನು ಪಾತ್ರೆ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಕೂತವನು. ಟೈಲರ್ ಹಯಾತ್ ಸಾಬ್ ಮತ್ತು ನಾನು ಶಿಬಿರ ಶುರುವಾದಾಗಿನಿಂದ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬಂದು, ಮೈದಾನದ ಮೆಟ್ಟಿಲ ಮೇಲೆ ಮಂಡಕ್ಕಿ ಪೊಟ್ಟಣ ಬಿಚ್ಚಿ ಕೂರುತ್ತಿದ್ದೆವು. ತಸ್ಲೀಮ್ ಎಲ್ಲ ಕಲಿತವಳೆಂದು ನಾವೆಂದೂ ಹೇಳಿಲ್ಲ. ನೆಲಕ್ಕೆ ಬಂದ ಚೆಂಡನ್ನು ಬೆಕ್ಕು ಇಲಿ ಹಿಡಿದಂತೆ ಹಿಡಿಯುತ್ತಾಳೆ. ಮೂಲೆಯಿಂದ ಎತ್ತರಕ್ಕೆ ತೇಲಿಬಂದರೆ ಮಾತ್ರ ಗೋಲಿನ ಗೆರೆ ಬಿಟ್ಟು ಕದಲುತ್ತಿರಲಿಲ್ಲ. ‘ಹೊಸ ಸೊಸಿ ಇದ್ದಂಗೈತೆ ಈ ಹುಡುಗಿ, ಹೊಸ್ತಿಲೇ ದಾಟಲ್ಲ ನೋಡ್ರಿ’ ಎಂದು ಹಯಾತ್ ಸಾಬ್ ಗೊಣಗುತ್ತಿದ್ದರು. ಎರಡನೇ ವಾರದಲ್ಲಿ ಆ ಹೊಸ್ತಿಲು ದಾಟಿದಳು. ಗುಂಪಿನ ನಡುವೆ ನುಗ್ಗಿ, ಎಲ್ಲರ ತಲೆಗಿಂತ ಮೇಲೆ ಹಾರಿ, ಚೆಂಡನ್ನು ಗುದ್ದಿ ಆಚೆಗೆ ಅಟ್ಟಿದಳು. ಕೋಚ್ ಚಪ್ಪಾಳೆ ತಟ್ಟಿದರು. ಹಯಾತ್ ಸಾಬ್ ಕಣ್ಣೊರೆಸಿಕೊಂಡರು. ಸುಳ್ಳೇಕೆ ಹೇಳಲಿ, ನಾನು ಮಂಡಕ್ಕಿ ಚೆಲ್ಲಿದ್ದೂ ತಿಳಿಯದೆ ಎದ್ದು ನಿಂತಿದ್ದೆ.

ಆ ಸಂತೋಷ ತಡೆಯಲಾಗದೆ ಫ್ಲೆಕ್ಸ್ ಮಾಡಿಸಿದೆವು. ನಮ್ಮ ಕಡೆ ಕೂಸಿಗೆ ಹೆಸರಿಟ್ಟರೂ ಫ್ಲೆಕ್ಸ್, ಹೊಸ ಬೈಕ್ ತಂದರೂ ಫ್ಲೆಕ್ಸ್, ತಮಗೆ ಹೊಸದೇನಲ್ಲ. ದಾವಣಗೆರೆಯ ವಿದ್ಯಾನಗರದ ಸರ್ಕಲ್ಲಿನಲ್ಲಿ ಕಟ್ಟಿದೆವು. ನಡುವೆ ತಸ್ಲೀಮ್, ಸುತ್ತ ಶುಭ ಕೋರುವ ನಮ್ಮೆಲ್ಲರ ಮುಖಗಳು. ಕಪ್ಪು ಕನ್ನಡಕದ ನನ್ನ ಮುಖ ಅವಳದಕ್ಕಿಂತ ತುಸು ದೊಡ್ಡದೇ ಬಂದಿತ್ತು. ತಮ್ಮ ಮುಖವಿರಲಿಲ್ಲ. ಅಂದು ಸಂಜೆಯೇ ಅವಳ ಚೀಲ ಗೇಟಿನ ಹೊರಗೆ ಬಂತು.

ಕ್ಷಮೆ ಕೇಳಲು ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಮರುದಿನ ಬಂದಾಗಲೂ ಅದೇ ಮೀಟಿಂಗ್ ನಡೆದಿತ್ತು. ಬಾಗಿಲಲ್ಲಿದ್ದ ಜವಾನರೇ ಕನಿಕರಪಟ್ಟು ಹೇಳಿದರು: ‘ಸಾಹೇಬ್ರದೊಂದು ಫೋಟೋ ಹಾಕಿದ್ರೆ ಮುಗೀತಿತ್ತಲ್ರಿ ಯಜಮಾನ್ರೆ. ಅಷ್ಟೂ ಗೊತ್ತಾಗಲ್ಲೇನ್ರಿ?’ ಇದು ನಿಜವೋ ಸುಳ್ಳೋ ನಾನರಿಯೆ. ನಿಜವಾದರೆ ಅಪ್ಪಣೆಯಾಗಲಿ, ತಮ್ಮ ಮುಖವನ್ನು ಗೋಲುಪೆಟ್ಟಿಗೆಯಷ್ಟೇ ಅಗಲ ಮಾಡಿಸಿ ಕಟ್ಟುತ್ತೇವೆ. ಸುಳ್ಳಾದರೆ, ಫೋನನ್ನೂ ತಮ್ಮ ಕೈಗೊಪ್ಪಿಸಿ ಶಿಬಿರದೊಳಗಿದ್ದ ಹುಡುಗಿ ಬೀದಿಯ ಫ್ಲೆಕ್ಸಿಗೆ ಹೇಗೆ ಹೊಣೆಯಾದಳು?

ಅವಳ ಮನೆಗೂ ಹೋಗಿದ್ದೆ. ತಾಯಿ ನೂರ್ಜಹಾನ್ ಚಹಾ ಕೊಟ್ಟರು, ಬೈಯಲಿಲ್ಲ. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿದ್ದೆ. ತಸ್ಲೀಮ್ ಗ್ಲೌಸ್ ಒಗೆದು ಹಗ್ಗಕ್ಕೆ ಹಾಕುತ್ತಿದ್ದಳು.

‘ನಾನೇನು ಗೆದ್ದು ಬಂದಿದ್ನಾ ಕಾಕಾ? ಈಗಿನ್ನೂ ಕಲೀತಿದ್ದೆ’ ಎಂದಳು.

‘ಸಾಹೇಬ್ರಿಗೆ ಬರೀತೀನವ್ವ’ ಎಂದೆ.

‘ಬರೀರಿ. ಆದ್ರೆ ಇನ್ಮ್ಯಾಲೆ ನನ್ನ ಆಟ ನೋಡಾಕೆ ಯಾರೂ ಬರಬ್ಯಾಡ್ರಿ.’

ಮಾನ್ಯರೇ, ವಾದ ಮಾಡುವ ತ್ರಾಣ ನನಗುಳಿದಿಲ್ಲ. ಅವಳನ್ನು ಆಯ್ಕೆ ಮಾಡಿ ಎಂದು ಕೇಳುತ್ತಿಲ್ಲ. ಭಾನುವಾರ ಅವಳನ್ನು ಗೋಲಿನಲ್ಲಿ ನಿಲ್ಲಿಸಿ, ಅಷ್ಟೇ. ಹಿಡಿಯಬೇಕಾದ ಚೆಂಡು ಹಿಡಿಯದಿದ್ದರೆ ಮನೆಗೆ ಕಳಿಸಿ, ತುಟಿಪಿಟಕ್ಕೆನ್ನುವುದಿಲ್ಲ. ಫ್ಲೆಕ್ಸ್ ಇಳಿಸಿದ್ದೇವೆ. ಮೈದಾನದ ಹತ್ತಿರವೂ ಸುಳಿಯುವುದಿಲ್ಲ, ಹಯಾತ್ ಸಾಬರಿಂದಲೂ ಮಾತು ತೆಗೆದುಕೊಂಡಿದ್ದೇನೆ. ಅವಳ ಆಟವನ್ನು ನಾವು ನೋಡದಿದ್ದರೂ ಸರಿ, ತಾವೊಂದು ಸಲ ನೋಡಿ.

ಇಂತಿ,
ಭಾನುವಾರ ಮನೆಯಲ್ಲೇ ಕೂರಲು ಒಪ್ಪಿರುವ
ವಾಮದೇವಪ್ಪ, ಹರಿಹರ