ಟೆರೇಸಿನ ಮೋಟುಗೋಡೆ

ಟೂರಿಸ್ಟ್ ಕ್ಲಬ್ ಏರಿಯಾ, ಅಬುಧಾಬಿ
ಮೇ ೧೪, ೨೦೨೫, ಬುಧವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿ ಇಳಿಯುವುದನ್ನು ಕಡಿಮೆ ಮಾಡು ಎಂದು ಇಲ್ಲಿ ಕೂತು ಹೇಳುವುದು ಸುಲಭ. ನೀರು ಕೆಳಗಿನ ನಳ್ಳಿಯಲ್ಲಿ ಮಾತ್ರ ಬರುವಾಗ ಇಳಿಯದೆ ಏನು ಮಾಡುತ್ತೀ ಎಂದು ನನಗೂ ಗೊತ್ತು. ಬೆಳಿಗ್ಗೆ ಗಂಜಿಯಾದರೂ ಕುಡಿಯುತ್ತೀಯಾ? ಅಪ್ಪ ತೀರಿಹೋಗಿ ಬೊಜ್ಜದ ಕ್ರಿಯೆ ಮುಗಿದ ಮೇಲೆ ನೀನು ಒಲೆ ಹಚ್ಚುವುದನ್ನೇ ಬಿಟ್ಟಿದ್ದೀ ಎಂದು ಹರ್ಷಿತ್ ಹೇಳಿದ. ಅವನ ಮೇಲೆ ಸಿಟ್ಟಾಗಬೇಡ, ನಾನೇ ಕೇಳಿ ಕೇಳಿ ಬಾಯಿ ಬಿಡಿಸಿದ್ದು. ನಿನಗೆ ಬೇಡವಾದರೂ ತಮ್ಮನಿಗೋಸ್ಕರ ಬೇಯಿಸು.

ಫೋನಿನಲ್ಲಿ ಈ ಮಾತು ತೆಗೆದರೆ ನೀನೂ ಅಳುತ್ತೀ, ನಾನೂ ಅಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ನನ್ನ ರೂಮಿನಲ್ಲಿರುವ ಶಹನಾಝ್ ನಾಳೆ ಮಂಗಳೂರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಈ ಪತ್ರ ಕೊಡುತ್ತೇನೆ. ಒಳ್ಳೆಯ ಹುಡುಗಿ. ಚಾ ಕೊಡದೆ ಕಳಿಸಬೇಡ.

ಅಪ್ಪನನ್ನು ಹೊರಗೆ ಮಲಗಿಸಿದ್ದ ದಿನ ನೀನು ಎಲ್ಲರ ಎದುರು ಕೇಳಿದೆ, “ಈ ಮನೆಯ ಪ್ಲಾನ್ ಮಾಡಿದವಳು ನೀನೇ ಅಲ್ಲವಾ ಮಗಾ?” ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ. ಹೌದು, ಶುರು ಮಾಡಿದ್ದು ನಾನು. ನಮ್ಮೂರು ಪಡುಬೈಲಿನ ಜಾಗ ಕಂಪೆನಿಗೆ ಹೋಗಿ, ಎಬ್ಬಿಸಿದ ಮನೆಯವರಿಗೆ ಪೇಟೆಯಲ್ಲಿ ಕಾಲನಿ ಕಟ್ಟುವ ಕೆಲಸ ನಮ್ಮ ಆಫೀಸಿಗೆ ಬಂದಾಗ ನಾನೇ ಕೇಳಿ ತೆಗೆದುಕೊಂಡೆ. ಕಟ್ಟಿಸುವುದು ದುಬೈಯ ಒಂದು ಟ್ರಸ್ಟು. ಆಗ ರಜೆ ಹಾಕಿ ಬಂದು ಮನೆ ಮನೆಗೆ ಹೋಗಿ ಕೇಳಿದ್ದು ನಿನಗೆ ನೆನಪಿರಬಹುದು. ಹೆಂಗಸರೆಲ್ಲ ಬೀಡಿ ಕಟ್ಟಲಿಕ್ಕೆ ಗಾಳಿ ಬರುವ ಜಗಲಿ ಬೇಕು ಎಂದರು. ಅಪ್ಪ, “ಮನೆ ಸಣ್ಣದಾದರೆ ಅಡ್ಡಿಲ್ಲ, ಹೊರಗೆ ಕಾಲಿಟ್ಟರೆ ನಾಲ್ಕು ಜನರ ಮುಖ ಕಾಣಬೇಕು” ಎಂದಿದ್ದರು. ಅದನ್ನೇ ನಾನು ಬರೆದೆ. ಒಂದು ಅಂಗಳಕ್ಕೆ ಮುಖ ಮಾಡಿದ ನಾಲ್ಕು ನಾಲ್ಕು ಮನೆ, ಒಂದೇ ಮಹಡಿ, ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಮಾಡಿನ ನೀರು ಬಾವಿಗೆ. ನಮ್ಮ ಆಫೀಸಿನ ಯಜಮಾನರು ಡೆನಿಸ್ ಸರ್ ಅದನ್ನು ನೋಡಿ, ಇದರಲ್ಲಿ ನಾನೂ ಇರಬಹುದಿತ್ತು ಎಂದರು.

ಟ್ರಸ್ಟಿನವರು ಮೊದಲು ಒಪ್ಪಿದರು. ಆಮೇಲೆ ಅದೇ ಜಾಗದಲ್ಲಿ ಇನ್ನಷ್ಟು ಮನೆ ಬೇಕೆಂದರು. ಒಂದು ಮಹಡಿ ನಾಲ್ಕಾಯಿತು. ಅಂಗಳ ಪಾರ್ಕಿಂಗ್ ಆಯಿತು. ಕೆಂಪು ಕಲ್ಲು ಹೋಗಿ ಸಿಮೆಂಟು ಬ್ಲಾಕ್ ಬಂತು, ಹಂಚು ಹೋಗಿ ಸೋಲಾರ್ ಇಡುವ ಬರೀ ಸ್ಲ್ಯಾಬ್ ಬಂತು. ಸುತ್ತ ಮೋಟುಗೋಡೆಯಾದರೂ ಇರಲಿ ಎಂದೆ. ಯಾರೂ ಹತ್ತದ ಟೆರೇಸಿಗೆ ಗೋಡೆ ಯಾಕೆ ಎಂದರು. ಒಳಗೆ ಸೆಖೆಯಾದರೆ ಜನ ಹತ್ತಿಯೇ ಹತ್ತುತ್ತಾರೆ ಎಂದು ಮೀಟಿಂಗಿನಲ್ಲಿ ಜಗಳ ಮಾಡಿದೆ, ಡೆನಿಸ್ ಸರ್ ಕೂಡ ನನ್ನ ಪರ ಮಾತಾಡಿದರು. “ಖಲಾಸ್, ಅದು ಮುಗಿದ ವಿಷಯ” ಎಂದರು ಟ್ರಸ್ಟಿನವರು. ದುಬೈಯ ಹೋಟೆಲೊಂದರಲ್ಲಿ ಪರಿಸರಸ್ನೇಹಿ ಕಾಲನಿ ಎಂದು ಅದಕ್ಕೆ ಪ್ರಶಸ್ತಿಯೂ ಬಂತು. ಅಲ್ಲಿ ಮೇಜಿನ ಮೇಲೆ ಇಟ್ಟಿದ್ದು ನಾನು ಮೊದಲು ಮಾಡಿದ ಮಾದರಿ, ಅಂಗಳ, ತುಳಸಿಕಟ್ಟೆ ಎಲ್ಲ ಇದ್ದದ್ದು. ಕಟ್ಟಿದ್ದು ಬೇರೆ.

ಮುಂದಿನದು ನಿನ್ನ ಕಣ್ಣೆದುರೇ ಆದದ್ದು. ಏಪ್ರಿಲಿನ ಸೆಖೆಗೆ ಮನೆಯೊಳಗೆ ಕೂರಲಾಗದೆ ನೀವೆಲ್ಲ ಬೀಡಿಯ ಗೆರಸೆ ಹಿಡಿದು ಮೇಲೆ ಹೋದಿರಿ. ನಿಮ್ಮ ತಲೆಗೆ ಬಿಸಿಲು ಬಡಿಯಬಾರದೆಂದು ಅಪ್ಪ ಟರ್ಪಾಲು ಕಟ್ಟಲು ಬಂದರು. ಹಗ್ಗ ಎಳೆಯುತ್ತ ಹಿಂದೆ ಹಿಂದೆ ಹೋದರು, ಹಿಂದೆ ಏನೂ ಇರಲಿಲ್ಲ. ನಾನಾಗ ಇಲ್ಲಿ ಏಸಿಯ ಕೆಳಗೆ ಸ್ವೆಟರ್ ಹಾಕಿಕೊಂಡು ಕೂತಿದ್ದೆ ಅಮ್ಮಾ. ಹರ್ಷಿತ್‌ನ ಫೋನ್ ಬಂದಾಗ ಮೊದಲು ಅವನನ್ನು ಗದರಿಸಿದೆ, ಕೆಲಸದ ಹೊತ್ತಿಗೆ ಯಾಕೆ ಮಾಡುತ್ತೀ ಎಂದು.

ಕಳೆದ ವಾರ ಡೆನಿಸ್ ಸರ್ ನನ್ನನ್ನು ದುಬೈಗೆ ಕರೆದುಕೊಂಡು ಹೋದರು. ಅಲ್ ಮುರಕ್ಕಬಾತ್‌ನಲ್ಲಿ ಟ್ರಸ್ಟಿನ ಆಫೀಸು. ಅಲ್ಲಿಯ ಮ್ಯಾನೇಜರ್ ನಮ್ಮ ಕಡೆಯವರೇ, ಕನ್ನಡದಲ್ಲೇ ಮಾತಾಡಿದರು, ತುಂಬ ಬೇಸರ ಹೇಳಿಕೊಂಡರು. ಇನ್ನೊಬ್ಬರು ಬೀಳುವ ಮೊದಲು ಟೆರೇಸಿಗೆ ಗೋಡೆ ಕಟ್ಟಿಸಿ ಎಂದು ಕೇಳಿದೆ. “ಈಗ ಕಟ್ಟಿದರೆ ಮೊದಲು ಕಟ್ಟದ್ದು ತಪ್ಪು ಎಂದು ನಾವೇ ಒಪ್ಪಿಕೊಂಡ ಹಾಗೆ ಆಗುತ್ತದಲ್ಲ ಮೇಡಂ” ಎಂದರು. ಆಮೇಲೆ ಒಂದು ದಾರಿ ಇದೆ ಎಂದರು. ಮೇಲೆ ಹೋಗಬೇಡಿ ಎಂದು ಹೇಳಿದ್ದರೂ ನಮ್ಮ ತಂದೆ ತಮ್ಮ ಅಜಾಗ್ರತೆಯಿಂದ ಹೋಗಿ ಬಿದ್ದರು, ನಮ್ಮದು ಯಾವ ದೂರೂ ಇಲ್ಲ ಎಂದು ಮನೆಯ ಕಡೆಯಿಂದ ಬರೆದುಕೊಟ್ಟರೆ, ಕೂಡಲೇ ಗೋಡೆ ಎಬ್ಬಿಸುತ್ತಾರಂತೆ. ಮಗಳೂ ನಾನೇ, ಪ್ಲಾನ್ ಮಾಡಿದವಳೂ ನಾನೇ, ಹಾಗಾಗಿ ನನ್ನ ಸಹಿ ಸಾಕಂತೆ.

“ಅಪ್ಪನಿಗೆ ಯಾರೂ ಏನೂ ಹೇಳಿರಲಿಲ್ಲ” ಎಂದೆ. “ಅದು ನಮಗೂ ಗೊತ್ತು” ಎಂದರು ಆ ಮನುಷ್ಯ, ಮೆಲ್ಲಗೆ, ತಲೆ ಬಗ್ಗಿಸಿ. ಅಮ್ಮನ ಹತ್ತಿರ ಕೇಳಬೇಕು ಎಂದು ಹೇಳಿ ಎದ್ದು ಬಂದೆ. ಅಬುಧಾಬಿ ಮುಟ್ಟಿ ಕಾರಿನಿಂದ ಇಳಿಯುವಾಗ ಡೆನಿಸ್ ಸರ್, ಕೋರ್ಟಿಗೆ ಹೋದರೆ ನಾನು ಸಾಕ್ಷಿ ಹೇಳುತ್ತೇನೆ, ಆದರೆ ವರ್ಷಗಟ್ಟಲೆ ಎಳೆಯುತ್ತದೆ ಎಂದರು.

ಮಂಡಿಗೆ ಹಚ್ಚುವ ಎಣ್ಣೆ ಶಹನಾಝ್ ಹತ್ತಿರ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚು. ಹರ್ಷಿತ್‌ಗೆ ಎರಡು ಅಂಗಿ ಇವೆ. ಕೆಳಗಿನ ಮನೆಯವರಿಗೆಲ್ಲ ಕೇಳಿದೆನೆಂದು ಹೇಳು. ದೈವಗಳು ನಿನ್ನನ್ನು ಕಾಯಲಿ, ನಿನ್ನ ಕಾಲಿಗೆ ಬಿದ್ದಿದ್ದೇನೆ ಎಂದು ತಿಳಿದುಕೋ.

ನಿನ್ನ ಮಗಳು,
ನಿಖಿತಾ

ತಾ.ಕ.: ಬೆಳಗಾಯಿತು, ಶಹನಾಝ್ ಟ್ಯಾಕ್ಸಿ ನಿಲ್ಲಿಸಿ ಕಾಯುತ್ತಿದ್ದಾಳೆ. ಅಮ್ಮಾ, ಟ್ರಸ್ಟಿನವರ ಆ ಕಾಗದಕ್ಕೆ ನಾನು ಸಹಿ ಹಾಕಿಯಾಗಿದೆ. ಹರ್ಷಿತ್ ಕಳಿಸಿದ ವಿಡಿಯೋದಲ್ಲಿ ಅಪ್ಪ ಬಿದ್ದ ಬದಿಯಲ್ಲೇ ಮೇಲಿನ ಮನೆಯ ಮಕ್ಕಳು ಓಡಾಡುತ್ತಿದ್ದವು, ಸೆಖೆ ತಡೆಯದೆ ತಾಯಂದಿರೇ ಕಳಿಸುತ್ತಾರಂತೆ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ಸೋಮವಾರ ಕಲ್ಲು, ಸಿಮೆಂಟು ಬರುತ್ತದೆ. ಕೆಲಸದವರನ್ನು ತಡೆಯಬೇಡ, ಗೋಡೆ ಏಳಲಿ. ಆಮೇಲೆ ನನ್ನನ್ನು ಮನೆಗೆ ಸೇರಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು.